ಕೊಳದ ನೀರೇಕೆ ಕದಡಿತು?

ಸುಣ್ಣದ ತಿಳಿನೀರಿನ ಪ್ರಯೋಗವನ್ನು ಮಾಡದೆ ಪ್ರೌಢಶಾಲೆಯನ್ನು ದಾಟಿದ ವಿದ್ಯಾರ್ಥಿಗಳು ವಿರಳ. ಪ್ರನಾಳದಲ್ಲಿ ಸ್ವಲ್ಪ ತಿಳಿನೀರನ್ನು ತೆಗೆದುಕೊಂಡು ಗಾಜಿನ ಕೊಳವೆಯಿಂದ ಅದರೊಳಕ್ಕೆ ಉಸಿರನ್ನು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಇಲ್ಲಿಗೆ ಪ್ರಯೋಗ ಮುಗಿಯಿತೆಂದು ಬಹುಮಂದಿ ಪ್ರನಾಳವನ್ನು ತೊಳೆದಿಟ್ಟುಬಿಡುತ್ತಾರೆ. ತಾಳ್ಮೆಯಿಂದ ಇನ್ನೂ ಕೆಲವು ನಿಮಿಷ ಊದುತ್ತ ಹೋದವರಿಗೆ ಮಾತ್ರ ಎರಡನೆಯ ಅಚ್ಚರಿ ಕಾದಿರುತ್ತದೆ. ಬೆಳ್ಳಗಾದ ನೀರು ಮೆಲ್ಲಮೆಲ್ಲನೆ ಮತ್ತೆ ತಿಳಿಯಾಗುತ್ತದೆ! ಈ ಚಿಕ್ಕ ಪ್ರಯೋಗದ ಉತ್ತರಾರ್ಧವು ಐವತ್ತು ಸಾವಿರ ಲೀಟರು ನೀರಿನ ಒಂದು ತೊಡಕನ್ನು ಬಿಡಿಸಲು ನೆರವಾದ ಸಂಗತಿಯನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಬೆಂಗಳೂರಿನ ಪೂರ್ವದ ಹೊರವಲಯದಲ್ಲಿ ಮನೆ ಕಟ್ಟಿಸಿದ ನನ್ನ ಮಿತ್ರರೊಬ್ಬರು ಹಿತ್ತಿಲಿನಲ್ಲಿ ಒಂದು ಈಜುಕೊಳವನ್ನೂ ಮಾಡಿಸಿದ್ದರು. ಉದ್ದ 10 ಮೀಟರು, ಅಗಲ 4 ಮೀಟರು, ಸರಾಸರಿ ಆಳ ಒಂದೂಕಾಲು ಮೀಟರು. ಗುಣಿಸಿ ನೋಡಿದರೆ 50 ಘನಮೀಟರು, ಎಂದರೆ 50,000 ಲೀಟರು. ಕೊಳವೆ ಬಾವಿಯ ನೀರನ್ನು ತುಂಬಿಸಿದ ದಿನ ತಳದ ಹಂಚುಗಳ ಗೆರೆಗಳನ್ನು ಎಣಿಸಬಹುದಾಗಿತ್ತಂತೆ. ರೋಗಾಣುಗಳು ಸಾಯಲೆಂದು ಚಲುವೆಪುಡಿಯನ್ನು ಹಾಕಿದರು. ಮರುದಿನವೇ ನೀರು ಮಸುಕಾಯಿತು. ಪುಡಿ ಸಾಲದೆಂದು ಯಾರೋ ಹೇಳಿದ್ದರಿಂದ ಇನ್ನಷ್ಟು ಹಾಕಿದರು, ಮಸುಕು ಹೆಚ್ಚಾಯಿತು. ಮೂರನೆಯ ಬಾರಿ ಹಾಕಿದ ಮೇಲೆ ಕೊಳವೆಲ್ಲ ಅಕ್ಕಚ್ಚಿನಂತಾಯಿತು. ಬೇಸಿಗೆಯ ರಜೆಗೆ ಮೊಮ್ಮಕ್ಕಳು ಬಂದಿಳಿದಿದ್ದರು. ಅವರನ್ನು ನೀರಿನಿಂದ ದೂರವಿಡುವುದೇ ಮನೆಯವರಿಗೆ ದೊಡ್ಡ ಕೆಲಸವಾಗಿತ್ತು. "ನೀರನ್ನೆಲ್ಲ ಹೊರಕ್ಕೆ ಚೆಲ್ಲಿ ಹೊಸದಾಗಿ ತುಂಬಿಸಿಬಿಡಲೇ?" ಎಂದು ಮಿತ್ರರು ದೂರವಾಣಿಯಲ್ಲಿ ಕೇಳಿದರು. ನಾನು ಬಂದು ನೋಡುವವರೆಗೆ ಚೆಲ್ಲಬೇಡಿ ಎಂದೆ.

ಚೆಲ್ಲಬಾರದೆಂಬುದಕ್ಕೆ ಕಾರಣವಿದೆ. ನಗರವಾಸಿಯೊಬ್ಬನಿಗೆ ದಿನವೊಂದಕ್ಕೆ 135 ಲೀಟರು ನೀರು ಬೇಕೆಂಬುದು ನಮ್ಮ ದೇಶದ ನೀರು ಸರಬರಾಜು ಯೋಜನೆಗಳಲ್ಲಿ ಬಳಸುವ ಲೆಕ್ಕ. ಹಾಗಾದರೆ 50,000 ಲೀಟರು ಐವರ ಸಂಸಾರಕ್ಕೆ 74 ದಿನಗಳ ನೀರಾಯಿತು. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಜಲಮಂಡಲಿಯು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು. ಅಂತಹ ಊರಿನಲ್ಲಿ ಕದಡಿದ ನೀರನ್ನು ಚೆಲ್ಲುವುದು ಪರಿಹಾರವಲ್ಲ. ಅದಲ್ಲದೆ, ಅದೇ ಬಾವಿಯ ನೀರನ್ನು ಮತ್ತೆ ತುಂಬಿಸಿ ಅದೇ ಪುಡಿಯನ್ನು ಮತ್ತೆ ಹಾಕಿದರೆ ಅದೇ ಫಲವೇ ಮತ್ತೆ ದೊರೆಯುತ್ತದೆ.

ಮೊದಲು ಬಾಗಿಲು ಮುಚ್ಚಬೇಕು

ನಾನು ಹೋದೊಡನೆ ಮಾಡಿದ ಮೊದಲ ಕೆಲಸಕ್ಕೆ ರಸಾಯನಶಾಸ್ತ್ರದ ಅಗತ್ಯವೇ ಇರಲಿಲ್ಲ. ಜೇಬಿನಿಂದ ಒಂದು ರೂಪಾಯಿಯ ನಾಣ್ಯವನ್ನು ತೆಗೆದು ಕೊಳದ ಅತ್ಯಂತ ಆಳವಾದ ಕಡೆಯಲ್ಲಿ ಹಾಕಿದೆ. ಒಂದು ಮೊಳದಷ್ಟು ಇಳಿಯುವುದರೊಳಗಾಗಿ ಅದು ಕಣ್ಮರೆಯಾಯಿತು. ಕೊಳದ ಸುತ್ತಣ ಬೇಲಿಯ ಬಾಗಿಲಿಗೆ ಬೀಗ ಹಾಕಿಸಿ, ನಾಣ್ಯವು ದಡದಿಂದ ಸ್ಪಷ್ಟವಾಗಿ ಕಾಣುವವರೆಗೆ ಯಾರೂ ಇಳಿಯಬಾರದೆಂದು ಹೇಳಿದೆ. ಮಕ್ಕಳ ಮುಖ ಬಾಡಿತು. ಹಿರಿಯರಿಗೂ ಇದು ಅತಿಯಾದ ಎಚ್ಚರಿಕೆಯೆಂದು ತೋರಿರಬೇಕು.

ಅತಿಯಲ್ಲವೆಂಬುದನ್ನು ಒಂದು ದುರಂತ ತೋರಿಸಿಕೊಟ್ಟಿದೆ. 2011ರ ಜೂನ್ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಾರ್ವಜನಿಕ ಈಜುಕೊಳದಲ್ಲಿ ಓರ್ವ ಮಹಿಳೆ ಮುಳುಗಿದಳು. ನೀರು ಕದಡಿದ್ದುದರಿಂದ ಅದನ್ನು ಯಾರೂ ಕಾಣಲಿಲ್ಲ. ಮರುದಿನವೂ ಅದರ ಮರುದಿನವೂ ಜನರು ಅದೇ ಕೊಳದಲ್ಲಿ ಈಜಿದರು. ಎರಡು ದಿನಗಳ ಅನಂತರವೇ ಆಕೆಯ ದೇಹ ಪತ್ತೆಯಾಯಿತು. ಮುಳುಗುವವರು ಕೂಗಿ ಕರೆಯುತ್ತಾರೆಂಬುದು ಬಹುಮಟ್ಟಿಗೆ ಕಥೆಗಳ ಮಾತು. ಅನೇಕ ಸಲ ಅವರು ಸದ್ದಿಲ್ಲದೆಯೇ ಇಳಿದುಹೋಗುತ್ತಾರೆ. ಅವರನ್ನು ಉಳಿಸುವುದು ದಡದಲ್ಲಿರುವವರ ಕಣ್ಣು; ಆ ಕಣ್ಣಿಗೆ ತಿಳಿಯಾದ ನೀರು ಬೇಕು. ಆದುದರಿಂದ ಕೊಳದ ನೀರಿನ ತಿಳಿಯು ಅಂದಚಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ನಾಣ್ಯದ ಪರೀಕ್ಷೆಗೆ ಒಂದು ಗೌರವದ ಇತಿಹಾಸವೂ ಇದೆ. ಇಟಲಿಯ ಪಾದ್ರಿಯೂ ಖಗೋಳಜ್ಞನೂ ಆಗಿದ್ದ ಏಂಜೆಲೊ ಸೆಕಿಯು 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿಯ ತಟ್ಟೆಗಳನ್ನು ಹಗ್ಗದಿಂದ ಇಳಿಬಿಟ್ಟು, ಎಷ್ಟು ಆಳದಲ್ಲಿ ಅವು ಕಣ್ಮರೆಯಾಗುತ್ತವೆಂದು ಅಳೆದನು. ಕೆರೆ ಸಮುದ್ರಗಳ ತಿಳಿಯನ್ನು ಅಳೆಯಲು ಸೆಕಿಯ ತಟ್ಟೆ ಇಂದಿಗೂ ಬಳಕೆಯಲ್ಲಿದೆ.

ಕದಡು ಎಂದರೇನು?

ಶುದ್ಧವಾದ ನೀರಿಗೆ ಬಣ್ಣವಿಲ್ಲವೆಂದು ನಾವು ಓದುತ್ತೇವೆ. ಇದು ಲೋಟದ ನೀರಿಗೆ ಒಪ್ಪುವ ಮಾತು. ಕೆಲವು ಮೀಟರು ದಪ್ಪದ ನೀರು ಬೆಳಕಿನಲ್ಲಿರುವ ಕೆಂಪನ್ನು ಸ್ವಲ್ಪಸ್ವಲ್ಪವಾಗಿ ಹೀರಿಕೊಳ್ಳುವುದರಿಂದ ಉಳಿದ ಬೆಳಕು ನಸುನೀಲಿಯಾಗಿ ಕಾಣುತ್ತದೆ. ಇದರೊಡನೆ ನೀರಿನ ಅಣುಗಳೇ ಬೆಳಕನ್ನು ಅತ್ಯಲ್ಪವಾಗಿ ಚದರಿಸುತ್ತವೆ. 1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ನರು ಸಮುದ್ರದ ನೀಲಿಯು ಕೇವಲ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳಿಂದಾದ ಚದರಿಕೆಯ ಫಲ ಎಂಬುದನ್ನು ಸರಳವಾದ ಉಪಕರಣಗಳಿಂದಲೇ ತೋರಿಸಿದರು. ಆ ವಿಚಾರಸರಣಿಯೇ ಮುಂದೆ 1928ರಲ್ಲಿ ಅವರ ಹೆಸರಿನ ಪರಿಣಾಮದವರೆಗೆ ಅವರನ್ನು ಕೊಂಡೊಯ್ದಿತು.

ಆದರೆ ನೀರಿನಲ್ಲಿ ಬೆಳಕಿನ ತರಂಗಮಾನಕ್ಕೆ ಸಮಾನವಾದ ಅಥವಾ ಅದಕ್ಕಿಂತ ಕೆಲವು ಪಟ್ಟು ದೊಡ್ಡದಾದ ಕಣಗಳು ತೇಲುತ್ತಿದ್ದರೆ ಕಥೆ ಬೇರೆಯಾಗುತ್ತದೆ. ಇಂತಹ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ, ಪ್ರಬಲವಾಗಿ ಚದರಿಸುತ್ತವೆ. ಎಲ್ಲ ಬಣ್ಣಗಳೂ ಕೂಡಿದರೆ ಬಿಳುಪು. ಹಾಲು, ಮಂಜು, ಮೋಡಗಳು ಬೆಳ್ಳಗಿರುವುದೂ ಹೀಗೆಯೇ. ನಾಣ್ಯದಿಂದ ಹೊರಟ ಕಿರಣವು ಕಣ್ಣನ್ನು ಸೇರುವ ಮೊದಲೇ ದಾರಿಯಲ್ಲಿ ಸಾವಿರ ಕಡೆ ತಿರುಗಿಬೀಳುತ್ತದೆ; ನಾಣ್ಯ ಮರೆಯಾಗುತ್ತದೆ. ನೀರು ಕದಡಿದೆ ಎಂಬ ಮಾತಿನ ಭೌತಿಕ ಅರ್ಥ ಇಷ್ಟೆ.

ಕಾದರೆ ಕಣಗಳು ತಾವಾಗಿಯೇ ಕೆಳಗಿಳಿಯಲಾರವೇ? ಸ್ಟೋಕ್ಸನ ನಿಯಮದಿಂದ ಲೆಕ್ಕ ಹಾಕೋಣ. ಜೇಡಿಮಣ್ಣಿನಷ್ಟು ಸಾಂದ್ರತೆಯ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ವ್ಯಾಸವುಳ್ಳ ಕಣವು ಒಂದೂಕಾಲು ಮೀಟರು ನೀರನ್ನು ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ವ್ಯಾಸವು ನೂರನೆಯ ಒಂದು ಭಾಗವಾದರೆ ನಾಲ್ಕು ಗಂಟೆ ಬೇಕು. ಸಾವಿರದ ಒಂದು ಭಾಗವಾದರೆ, ಎಂದರೆ ಒಂದು ಮೈಕ್ರಾನು ಆದರೆ, 16 ದಿನಗಳು ಬೇಕು. ವ್ಯಾಸವು ಹತ್ತರಲ್ಲೊಂದಾದರೆ ವೇಗವು ನೂರರಲ್ಲೊಂದಾಗುವುದೇ ಇದಕ್ಕೆ ಕಾರಣ. ಅಷ್ಟು ದಿನ ಕೊಳದ ನೀರು ಅಲುಗಾಡದೆ ಇರಲಾರದು. ಹಗಲಿನ ಬಿಸಿಲೂ ಇರುಳಿನ ತಂಪೂ ಅದನ್ನು ಕಲಕುತ್ತಲೇ ಇರುತ್ತವೆ. ಮರಳಿನ ಸೋಸುಕವಾದರೂ ಹಿಡಿಯಬಾರದೇ ಎಂದರೆ, ಸಾಮಾನ್ಯ ಮರಳುಸೋಸುಕವು ಒಂದೇ ಸಲಕ್ಕೆ ಹಿಡಿಯುವುದು ಸುಮಾರು 20ರಿಂದ 40 ಮೈಕ್ರಾನುಗಳ ಕಣಗಳನ್ನು. ಅದಕ್ಕಿಂತ ಸಣ್ಣವು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುತ್ತವೆ.

ಅಪರಾಧಿ ಯಾರು?

ಕೊಳದ ನೀರನ್ನು ಕದಡುವ ಕಾರಣಗಳು ಹಲವು. ಮಳೆಗಾಳಿಗಳು ತಂದ ಮಣ್ಣು ಒಂದು. ಕಣ್ಣಿಗೆ ಹಸುರಾಗಿ ತೋರುವ ಮೊದಲೇ ನೀರನ್ನು ಮಂಕುಗೊಳಿಸುವ ಪಾಚಿ ಇನ್ನೊಂದು. ಈಜುವವರ ಮೈಯಿಂದ ಬಿಟ್ಟ ಎಣ್ಣೆ, ಬೆವರು, ಸಾಬೂನುಗಳು ಮೂರನೆಯದು. ನೀರಿನಲ್ಲಿ ಕರಗಿದ್ದ ಸುಣ್ಣವೇ ಗಟ್ಟಿಯಾಗಿ ಹೊರಬೀಳುವುದು ನಾಲ್ಕನೆಯದು. ಇವೆಲ್ಲಕ್ಕೂ ಒಂದೇ ಮದ್ದಿಲ್ಲ. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ವಿಷವಾಗಬಹುದು. ಆದುದರಿಂದ ಯಾವ ಪುಡಿಯನ್ನೂ ಹಾಕುವ ಮೊದಲು ಅಪರಾಧಿಯನ್ನು ಗುರುತಿಸಬೇಕು.

ಕೊಳದ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ತೆಗೆದುಕೊಂಡೆವು. ಒಂದನ್ನು ಹಾಗೆಯೇ ಇಟ್ಟು ಇನ್ನೊಂದಕ್ಕೆ ಅರ್ಧ ನಿಂಬೆಹಣ್ಣನ್ನು ಹಿಂಡಿದೆವು. ಒಂದೆರಡು ನಿಮಿಷಗಳಲ್ಲಿ ಎರಡನೆಯ ಲೋಟದ ಬಿಳುಪು ಕರಗಿಹೋಯಿತು. ಮೊದಲನೆಯದು ಅಕ್ಕಚ್ಚಾಗಿಯೇ ಉಳಿಯಿತು. ಮಣ್ಣಾಗಲಿ ಪಾಚಿಯಾಗಲಿ ಹುಳಿಯಲ್ಲಿ ಕರಗುವುದಿಲ್ಲ. ಕರಗುವುದು ಸುಣ್ಣದ ಕಾರ್ಬೊನೇಟು. ಮಕ್ಕಳು ಸುತ್ತ ನಿಂತು ನೋಡಿದರು; ಬೀಗದ ಮೇಲಿನ ಸಿಟ್ಟು ಸ್ವಲ್ಪ ತಗ್ಗಿದಂತೆ ಕಂಡಿತು.

ಈಗ ಪ್ರನಾಳದ ಪ್ರಯೋಗವನ್ನು ನೆನೆದುಕೊಳ್ಳೋಣ. ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡು ಸುಣ್ಣದ ತಿಳಿಯೊಡನೆ ಸೇರಿ ಕ್ಯಾಲ್ಸಿಯಮ್ ಕಾರ್ಬೊನೇಟು ಆಗುತ್ತದೆ. ಅದು ನೀರಿನಲ್ಲಿ ಕರಗದು, ಅದೇ ಬಿಳುಪು. ಇನ್ನೂ ಊದಿದಾಗ ಹೆಚ್ಚಿನ ಡೈ ಆಕ್ಸೈಡು ಈ ಕಾರ್ಬೊನೇಟನ್ನು ಬೈಕಾರ್ಬೊನೇಟನ್ನಾಗಿ ಮಾರ್ಪಡಿಸುತ್ತದೆ. ಅದು ಕರಗುತ್ತದೆ, ನೀರು ತಿಳಿಯಾಗುತ್ತದೆ. ನೆಲದೊಳಗೆ ನಡೆಯುವುದು ಈ ಎರಡನೆಯ ಹೆಜ್ಜೆ. ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಡೈ ಆಕ್ಸೈಡನ್ನು ಹೊತ್ತ ನೀರು ಮಣ್ಣುಕಲ್ಲುಗಳಲ್ಲಿರುವ ಸುಣ್ಣಾಂಶವನ್ನು ಕರಗಿಸಿಕೊಳ್ಳುತ್ತದೆ. ಕೊಳವೆ ಬಾವಿಯ ಗಡಸು ನೀರು ಇಂತಹುದು. ನೋಟಕ್ಕೆ ಸ್ಫಟಿಕದಂತಿದ್ದರೂ ಒಡಲಲ್ಲಿ ಸುಣ್ಣವನ್ನು ಬಚ್ಚಿಟ್ಟುಕೊಂಡಿರುತ್ತದೆ.

ಆ ನೀರು ಬಯಲಿನ ಕೊಳಕ್ಕೆ ಬಂದೊಡನೆ ಪ್ರಯೋಗವು ಹಿಂದುಮುಂದಾಗಿ ನಡೆಯತೊಡಗುತ್ತದೆ. ಡೈ ಆಕ್ಸೈಡು ಗಾಳಿಗೆ ಹಾರಿಹೋಗುತ್ತದೆ. ಬೈಕಾರ್ಬೊನೇಟು ಮತ್ತೆ ಕಾರ್ಬೊನೇಟಾಗಲು ಹವಣಿಸುತ್ತದೆ. ಅಡಿಗೆಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಹೆಕ್ಕಳೆಯೂ ಇದೇ. ಬಿಸಿಲು ನೀರನ್ನು ಕಾಯಿಸಿದರೆ ಈ ಕೆಲಸ ಇನ್ನೂ ಚುರುಕಾಗುತ್ತದೆ. ಅದರ ಮೇಲೆ ಚಲುವೆಪುಡಿ! ಸುಣ್ಣದ ಮೇಲೆ ಕ್ಲೋರಿನನ್ನು ಹಾಯಿಸಿ ಮಾಡುವ ಈ ಪುಡಿಯಲ್ಲಿ ಕ್ಲೋರಿನಿನೊಡನೆ ಸುಣ್ಣವೂ ಇದ್ದೇ ಇದೆ. ಅದು ನೀರಿಗೆ ಕ್ಯಾಲ್ಸಿಯಮ್ಮನ್ನು ಕೂಡಿಸುವುದಲ್ಲದೆ ನೀರಿನ ಕ್ಷಾರತೆಯನ್ನೂ ಏರಿಸುತ್ತದೆ. ಎರಡರಿಂದಲೂ ಕಾರ್ಬೊನೇಟು ಹೊರಬೀಳುವುದಕ್ಕೆ ಅನುಕೂಲ. ನನ್ನ ಮಿತ್ರರು ಔಷಧವೆಂದು ಹಾಕುತ್ತಿದ್ದುದೇ ರೋಗವನ್ನು ಬೆಳೆಸುತ್ತಿತ್ತು.

ಪಿ.ಎಚ್. ಎಂಬ ಅಳತೆಗೋಲು

ನೀರು ಆಮ್ಲವೋ ಕ್ಷಾರವೋ ಎಂಬುದನ್ನು ಸಂಖ್ಯೆಯಲ್ಲಿ ಹೇಳುವ ಪಿ.ಎಚ್. ಮಾನವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರನ್‌ಸನ್ ಎಂಬಾತನು ಬಳಕೆಗೆ ತಂದನು. 7 ಎಂದರೆ ತಟಸ್ಥ; ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇದು ಲಾಗರಿತಮಿನ ಅಳತೆಯಾದುದರಿಂದ ಒಂದು ಮೆಟ್ಟಿಲಿಗೆ ಹತ್ತುಪಟ್ಟು ವ್ಯತ್ಯಾಸ. ಈಜುಕೊಳದ ನೀರು 7.2ರಿಂದ 7.8ರ ಒಳಗಿರಬೇಕು. ಫಿನಾಲ್ ರೆಡ್ ಎಂಬ ಸೂಚಕದಿಂದ ಪರೀಕ್ಷಿಸಿದಾಗ ಮಿತ್ರರ ಕೊಳದ ನೀರಿನ ಬಣ್ಣ ಅಳತೆಪಟ್ಟಿಯ ಮೇಲ್ತುದಿಯನ್ನೇ ಮುಟ್ಟಿತ್ತು, ಎಂದರೆ 8.2 ಅಥವಾ ಅದಕ್ಕಿಂತ ಹೆಚ್ಚು.

ಪಿ.ಎಚ್. ಒಂದರಿಂದಲೇ ಸುಣ್ಣದ ನಡತೆಯನ್ನು ಹೇಳಲಾಗುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಮ್, ಬೈಕಾರ್ಬೊನೇಟುಗಳ ಮೊತ್ತವಾದ ಒಟ್ಟು ಕ್ಷಾರೀಯತೆ, ಉಷ್ಣತೆ ಇವೆಲ್ಲವೂ ಸೇರುತ್ತವೆ. 1936ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲ್ಯಾಂಗೆಲಿಯರ್ ಎಂಬಾತನು ಇವನ್ನೆಲ್ಲ ಒಂದು ಸೂಚ್ಯಂಕದಲ್ಲಿ ಕೂಡಿಸಿದನು. ಸೂಚ್ಯಂಕವು ಸೊನ್ನೆಯ ಹತ್ತಿರವಿದ್ದರೆ ನೀರು ಸಮತೋಲದಲ್ಲಿದೆ. ಧನವಾದರೆ ಸುಣ್ಣ ಹೊರಬೀಳುತ್ತದೆ. ಋಣವಾದರೆ ನೀರು ಹಸಿದು ಗೋಡೆಯ ಗಾರೆಯನ್ನೇ ಕರಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಲೀಟರಿಗೆ 80ರಿಂದ 120 ಮಿಲಿಗ್ರಾಮು ಕ್ಷಾರೀಯತೆಯನ್ನೂ 200ರಿಂದ 400 ಮಿಲಿಗ್ರಾಮು ಕ್ಯಾಲ್ಸಿಯಮ್ ಗಡಸುತನವನ್ನೂ ಯೋಗ್ಯವೆಂದು ಎಣಿಸುತ್ತಾರೆ.

ಪಿ.ಎಚ್. ಏರಿದುದರಿಂದ ಇನ್ನೊಂದು ಕೇಡೂ ಆಗಿತ್ತು. ಕ್ಲೋರಿನು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಹೈಪೊಕ್ಲೋರಸ್ ಆಮ್ಲವು ರೋಗಾಣುಗಳನ್ನು ಬೇಗ ಕೊಲ್ಲುತ್ತದೆ. ಅದು ತನ್ನ ಹೈಡ್ರೊಜನ್ನನ್ನು ಕಳೆದುಕೊಂಡಾಗ ಆಗುವ ಹೈಪೊಕ್ಲೋರೈಟು ಅಯಾನು ಹತ್ತಾರು ಪಟ್ಟು ದುರ್ಬಲ. ಪಿ.ಎಚ್. 7ರಲ್ಲಿ ಕ್ಲೋರಿನಿನ ಮುಕ್ಕಾಲುಪಾಲು ಮೊದಲನೆಯ ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8ರಲ್ಲಿ ಕಾಲುಪಾಲಿಗಿಂತ ಕಡಮೆ, 8.5ರಲ್ಲಿ ನೂರಕ್ಕೆ ಒಂಬತ್ತು ಮಾತ್ರ. ಪುಡಿಯನ್ನು ಹೆಚ್ಚಿಸಿದಷ್ಟೂ ಅದರ ಬಲವನ್ನು ತಾನೇ ಕುಗ್ಗಿಸಿದಂತಾಯಿತು!

ಚಿಕಿತ್ಸೆ

ನೀರಿನ ಪಿ.ಎಚ್. ಇಳಿಸಲು ಹೈಡ್ರೊಕ್ಲೋರಿಕ್ ಆಮ್ಲವನ್ನು ಬಳಸುತ್ತಾರೆ. 50,000 ಲೀಟರಿನ ಕೊಳದಲ್ಲಿ ಕ್ಷಾರೀಯತೆಯನ್ನು ಲೀಟರಿಗೆ 10 ಮಿಲಿಗ್ರಾಮಿನಷ್ಟು ತಗ್ಗಿಸಲು ಅಂಗಡಿಯಲ್ಲಿ ದೊರೆಯುವ ನೂರಕ್ಕೆ 32ರ ಆಮ್ಲವು ಸುಮಾರು 1 ಲೀಟರು ಬೇಕು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಮಾಡಿ ನೋಡಬಹುದು. ಒಮ್ಮೆಗೇ ಸುರಿಯದೆ, ಬಕೆಟ್ಟಿನ ನೀರಿನಲ್ಲಿ ತೆಳುವಾಗಿಸಿ, ಪಂಪು ನಡೆಯುತ್ತಿರುವಾಗ, ಹಿರಿಯರೇ ಕೈಚೀಲ ಕನ್ನಡಕಗಳನ್ನು ಧರಿಸಿ, ಕಂತುಕಂತಾಗಿ ಹಾಕಿದರು. ಪ್ರತಿ ಕಂತಿನ ಅನಂತರ ಕೆಲವು ಗಂಟೆ ಕಾದು ಪರೀಕ್ಷಿಸಿದರು. ಆಮ್ಲದಿಂದ ಬಿಡುಗಡೆಯಾದ ಡೈ ಆಕ್ಸೈಡು ಗಾಳಿಗೆ ಹೋದಂತೆ ಪಿ.ಎಚ್. ಮತ್ತೆ ಸ್ವಲ್ಪ ಏರುತ್ತಿತ್ತು. ಮತ್ತೆ ಒಂದು ಕಂತು. ಎರಡನೆಯ ದಿನದ ಸಂಜೆಗೆ ಅದು 7.4ರ ಹತ್ತಿರ ನಿಂತಿತು. ಬಿಳುಪಿನ ಬಹುಪಾಲು ಕರಗಿತ್ತು. ಆದರೂ ನಾಣ್ಯ ಕಾಣಲಿಲ್ಲ. ಪುಡಿಯಲ್ಲಿದ್ದ ಕರಗದ ಕಶ್ಮಲವೂ ಧೂಳೂ ಉಳಿದಿದ್ದುವು.

ಈಗ ಪಟಿಕದ ಸರದಿ. ಸೂಕ್ಷ್ಮಕಣಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಎಲ್ಲವೂ ಒಂದೇ ಜಾತಿಯ ವಿದ್ಯುದಂಶವನ್ನು ಹೊತ್ತಿರುವುದರಿಂದ ಅವು ಒಂದನ್ನೊಂದು ದೂಡುತ್ತವೆ, ಕೂಡಿ ದೊಡ್ಡವಾಗುವುದಿಲ್ಲ. ಪಟಿಕದ ಅಲ್ಯುಮಿನಿಯಮ್ ಅಯಾನು ಮೂರು ಧನ ಅಂಶಗಳನ್ನು ತಂದು ಈ ಜಗಳವನ್ನು ಶಮನಗೊಳಿಸುತ್ತದೆ. ಜೊತೆಗೆ ತಾನೇ ಅಂಟಂಟಾದ ಹೈಡ್ರಾಕ್ಸೈಡಿನ ಹತ್ತಿಯಂತಹ ಮುದ್ದೆಯಾಗಿ ಕಣಗಳನ್ನು ಬಲೆಯಲ್ಲಿ ಹಿಡಿದಂತೆ ಹಿಡಿದು ಕೆಳಗಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಚಿಲ್ಲದ ಬೀಜವನ್ನು ತೇಯ್ದು ಮಡಕೆಯ ಒಳಮೈಗೆ ಸವರಿ ಕೆಂಪು ನೀರನ್ನು ತಿಳಿಗೊಳಿಸುತ್ತಿದ್ದುದೂ ಇದೇ ತತ್ತ್ವದ ಮೇಲೆ. ನುಗ್ಗೆಯ ಬೀಜಕ್ಕೂ ಈ ಗುಣವಿದೆ. ಪಿ.ಎಚ್. ತೀರ ಏರಿರುವಾಗ ಪಟಿಕದ ಮುದ್ದೆ ಸರಿಯಾಗಿ ಕಟ್ಟುವುದಿಲ್ಲ. ಆದುದರಿಂದ ಮೊದಲು ಆಮ್ಲ, ಆಮೇಲೆ ಪಟಿಕ ಎಂಬ ಕ್ರಮವನ್ನು ಮೀರಬಾರದು. ಲೀಟರಿಗೆ 20 ಮಿಲಿಗ್ರಾಮಿನಂತೆ ಒಂದು ಕಿಲೋಗ್ರಾಮು ಪಟಿಕವನ್ನು ಕರಗಿಸಿ ಹಾಕಿ, ಬೆರೆಸಿ, ಪಂಪನ್ನು ನಿಲ್ಲಿಸಿ ಒಂದು ರಾತ್ರಿ ಬಿಟ್ಟರು. ಬೆಳಗ್ಗೆ ತಳದಲ್ಲಿ ಹಾಸಿದ್ದ ಬೂದುಬಣ್ಣದ ಗಸಿಯನ್ನು ಕೊಳವೆಯಿಂದ ಮೆಲ್ಲಗೆ ಹೀರಿ ಗಿಡಗಳಿಲ್ಲದ ಕಡೆಗೆ ಬಿಟ್ಟರು.

ಆಮೇಲೆ ಸೋಸುಕವನ್ನು ಹಿಮ್ಮುಖವಾಗಿ ತೊಳೆದು ಪಂಪನ್ನು ನಡೆಸಿದೆವು. "ಪಂಪು ಗಂಟೆಗೆ 10,000 ಲೀಟರು ಎತ್ತುತ್ತದೆ, ಐದು ಗಂಟೆಗಳಲ್ಲಿ ನೀರೆಲ್ಲ ಸೋಸಿದಂತಾಗಲಿಲ್ಲವೇ?" ಎಂದು ಹಿರಿಯ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸೋಸಿದ ನೀರು ಬೇರೆ ತೊಟ್ಟಿಗೆ ಹೋಗುವುದಾದರೆ ಅವಳ ಲೆಕ್ಕ ಸರಿ. ಆದರೆ ಅದು ಕೊಳಕ್ಕೇ ಹಿಂದಿರುಗಿ ಸೋಸದ ನೀರಿನೊಡನೆ ಬೆರೆಯುತ್ತದೆ. ಒಮ್ಮೆ ಸೋಸಿದ ಭಾಗವೇ ಮತ್ತೆ ಮತ್ತೆ ಪಂಪಿಗೆ ಬರುತ್ತದೆ. ನೀರು ಚೆನ್ನಾಗಿ ಬೆರೆಯುವುದೆಂದಿಟ್ಟುಕೊಂಡರೆ ಐದು ಗಂಟೆಗಳ ಅನಂತರ ನೂರಕ್ಕೆ 37 ಭಾಗ ಸೋಸುಕವನ್ನು ಒಮ್ಮೆಯೂ ಕಂಡಿರುವುದಿಲ್ಲ. ಹತ್ತು ಗಂಟೆಗಳ ಅನಂತರ 14, ಹದಿನೈದಕ್ಕೆ 5, ಇಪ್ಪತ್ತಕ್ಕೆ 2. ವಿಕಿರಣವಸ್ತುಗಳು ಕ್ಷಯಿಸುವುದೂ ಇದೇ ಗಣಿತದಂತೆ. ಕದಡು ಹೋಗಬೇಕಾದರೆ ತಾಳ್ಮೆ ಬೇಕೆಂಬುದಕ್ಕೆ ಘಾತೀಯ ನಿಯಮವೇ ಸಾಕ್ಷಿ.

ಬೇರೆ ಬಗೆಯ ಕೇಡುಗಳು

ಎಲ್ಲ ಕೊಳಗಳ ಕಥೆಯೂ ಸುಣ್ಣದ್ದಾಗಿರುವುದಿಲ್ಲ. 2016ರ ಆಗಸ್ಟಿನಲ್ಲಿ ರಿಯೋ ದ ಜನೈರೋ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ, ಇಡೀ ಜಗತ್ತು ನೋಡುತ್ತಿದ್ದಂತೆ, ಜಿಗಿತದ ಕೊಳ ಹಸುರಾಯಿತು. ಕ್ಲೋರಿನು ಇದ್ದ ನೀರಿಗೆ ತಪ್ಪಾಗಿ ಹೈಡ್ರೊಜನ್ ಪೆರಾಕ್ಸೈಡನ್ನು ಹಾಕಿದ್ದರೆಂದು ವ್ಯವಸ್ಥಾಪಕರು ತಿಳಿಸಿದರು. ಎರಡೂ ಬೇರೆಬೇರೆಯಾಗಿ ರೋಗಾಣುನಾಶಕಗಳೇ. ಆದರೆ ಕೂಡಿದಾಗ ಒಂದು ಇನ್ನೊಂದನ್ನು ಕೊಂದು ಆಮ್ಲಜನಕವನ್ನು ಬಿಡುತ್ತವೆ. ಕಾವಲಿಲ್ಲದ ನೀರಿನಲ್ಲಿ ಪಾಚಿ ಬೆಳೆಯುತ್ತದೆ. ಪಕ್ಕದ ಕೊಳದ ನೀರನ್ನು ಕೊನೆಗೆ ಬದಲಾಯಿಸಬೇಕಾಯಿತು. ಎರಡು ಒಳ್ಳೆಯ ಮದ್ದುಗಳು ಸೇರಿದರೆ ಇನ್ನೂ ಒಳ್ಳೆಯ ಮದ್ದಾಗುವುದೆಂಬ ಎಣಿಕೆ ರಸಾಯನಶಾಸ್ತ್ರದಲ್ಲಿ ಸಲ್ಲದು.

ಕೊಳದ ಬಳಿ ಕಟುವಾದ ವಾಸನೆ ಬಂದು ಕಣ್ಣುರಿದರೆ ಕ್ಲೋರಿನು ಹೆಚ್ಚಾಯಿತೆಂದು ದೂರುವುದುಂಟು. ಅನೇಕ ಸಲ ನಿಜವು ಇದಕ್ಕೆ ವಿರುದ್ಧ. ಬೆವರು ಮೂತ್ರಗಳಲ್ಲಿರುವ ಸಾರಜನಕದ ವಸ್ತುಗಳೊಡನೆ ಕ್ಲೋರಿನು ಸೇರಿ ಆದ ಕ್ಲೋರಮೀನುಗಳ ವಾಸನೆ ಅದು. ಅವನ್ನು ಕಳೆಯಲು ಅಮೋನಿಯದಲ್ಲಿರುವ ಸಾರಜನಕದ ತೂಕದ ಹತ್ತುಪಟ್ಟಿನಷ್ಟು ಕ್ಲೋರಿನು ಬೇಕಾಗುತ್ತದೆ. ಈಜುವ ಮೊದಲು ಸ್ನಾನಮಾಡಬೇಕೆಂಬ ನಿಯಮ ಕೇವಲ ಶಿಷ್ಟಾಚಾರವಲ್ಲ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಕ್ಲೋರಿನನ್ನು ಬೇಗ ಒಡೆಯುತ್ತವೆ. ಇದನ್ನು ತಡೆಯಲು ಸಯನೂರಿಕ್ ಆಮ್ಲವನ್ನು ಬೆರೆಸುವುದುಂಟು. ಕೆಲವು ಕ್ಲೋರಿನ್ ಗುಳಿಗೆಗಳಲ್ಲಿ ಅದು ಸೇರಿಯೇ ಇರುತ್ತದೆ. ಆದರೆ ಗುಳಿಗೆಗಳನ್ನು ಹಾಕುತ್ತಲೇ ಹೋದರೆ ಅದು ಶೇಖರವಾಗಿ ಕ್ಲೋರಿನನ್ನು ಕಟ್ಟಿಹಾಕುತ್ತದೆ. ಪರೀಕ್ಷೆಯಲ್ಲಿ ಕ್ಲೋರಿನು ಕಂಡರೂ ಪಾಚಿ ಬೆಳೆಯುವ ಒಗಟಿಗೆ ಇದೊಂದು ಉತ್ತರ.

ಪರೀಕ್ಷೆಯಲ್ಲಿಯೂ ಒಂದು ಬಲೆಯಿದೆ. ಡಿ.ಪಿ.ಡಿ. ಎಂಬ ಸೂಚಕವು ಕ್ಲೋರಿನಿದ್ದರೆ ನಸುಗೆಂಪಾಗುತ್ತದೆ. ಕ್ಲೋರಿನು ವಿಪರೀತವಾಗಿದ್ದರೆ ಅದು ಆ ಬಣ್ಣವನ್ನೂ ಬಿಳುಪಿಸಿಬಿಡುತ್ತದೆ! ನೀರು ಬಣ್ಣವಿಲ್ಲದೆ ಉಳಿಯುವುದನ್ನು ನೋಡಿ ಕ್ಲೋರಿನೇ ಇಲ್ಲವೆಂದು ಇನ್ನಷ್ಟು ಸುರಿಯುವ ಅಪಾಯವಿದೆ. ಸಂಶಯ ಬಂದಾಗ ಕೊಳದ ನೀರಿಗೆ ಹತ್ತುಪಟ್ಟು ಕ್ಲೋರಿನಿಲ್ಲದ ನೀರನ್ನು ಬೆರೆಸಿ ಮತ್ತೊಮ್ಮೆ ಪರೀಕ್ಷಿಸಬೇಕು. ನಮ್ಮ ಲೆಕ್ಕಕ್ಕೆ ಲೀಟರಿಗೆ ಒಂದು ಮಿಲಿಗ್ರಾಮು ಎಂದರೆ ಇಡೀ ಕೊಳಕ್ಕೆ 50 ಗ್ರಾಮು ಕ್ಲೋರಿನು. ಮೂರರಲ್ಲೊಂದು ಪಾಲು ಕ್ಲೋರಿನನ್ನು ಕೊಡುವ ಚಲುವೆಪುಡಿಯಾದರೆ 150 ಗ್ರಾಮು ಸಾಕು. ಅಳೆಯದೆ ಬೊಗಸೆಯಿಂದ ಹಾಕಿದವರು ಇದರ ಎಷ್ಟು ಪಟ್ಟು ಹಾಕಿದ್ದರೋ!

ಕದಡಿದ ನೀರಿಗೆ ಕ್ಲೋರಿನೊಂದೇ ರಕ್ಷೆಯಲ್ಲವೆಂಬುದನ್ನೂ ನೆನಪಿಡಬೇಕು. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರೋಪಜೀವಿಯು ಲೀಟರಿಗೆ ಒಂದು ಮಿಲಿಗ್ರಾಮು ಕ್ಲೋರಿನಿರುವ ನೀರಿನಲ್ಲಿಯೂ ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲುದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕುಡಿಯುವ ನೀರಿನ ಒಂದು ಶುದ್ಧೀಕರಣಾಲಯದಲ್ಲಿ ನೀರಿನ ಕದಡು ಏರಿತು; ಅದರೊಡನೆ ಈ ಜೀವಿಯೂ ನಲ್ಲಿಗಳಿಗೆ ಇಳಿಯಿತು. ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದರೆಂದು ಅಂದಾಜು. ಕದಡು ಎಂಬುದು ಸೋಸುಕ ಸೋತಿದೆಯೆಂಬ ಎಚ್ಚರಿಕೆಯ ಗಂಟೆ.

ಎಚ್ಚರಿಕೆಯ ಮಾತು

ಇದನ್ನು ಓದಿದ ವಿದ್ಯಾರ್ಥಿಗಳು ಲೋಟದಲ್ಲಿ ನಿಂಬೆಯ ಪ್ರಯೋಗವನ್ನು ನಿರ್ಭಯವಾಗಿ ಮಾಡಬಹುದು. ಆದರೆ ಕೊಳದ ರಾಸಾಯನಿಕಗಳನ್ನು ಹಿರಿಯರಿಲ್ಲದೆ ಮುಟ್ಟಬಾರದು. ಚಲುವೆಪುಡಿಗೆ ಗಟ್ಟಿ ಆಮ್ಲವು ತಗುಲಿದರೆ ವಿಷಾನಿಲವಾದ ಕ್ಲೋರಿನು ಹೊರಬರುತ್ತದೆ. 1915ರಲ್ಲಿ ಯೂರೋಪಿನ ಯುದ್ಧರಂಗದಲ್ಲಿ ಸೈನಿಕರನ್ನು ಉಸಿರುಗಟ್ಟಿಸಿ ಕೊಂದ ಅನಿಲವೇ ಅದು. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಆಮ್ಲವನ್ನು ನೀರಿಗೆ ಹಾಕಬೇಕಲ್ಲದೆ ನೀರನ್ನು ಆಮ್ಲಕ್ಕೆ ಹಾಕಬಾರದು. ಒಂದನ್ನು ಹಾಕಿ ಅದು ಬೆರೆತು ಪರೀಕ್ಷೆಯಾಗುವವರೆಗೆ ಇನ್ನೊಂದನ್ನು ಹಾಕಬಾರದು. ಕೊನೆಯ ಈ ನಿಯಮವು ಸುರಕ್ಷತೆಗೆ ಮಾತ್ರವಲ್ಲ, ವಿಚಾರಕ್ಕೂ ಬೇಕು. ಒಮ್ಮೆಗೇ ಮೂರು ಮದ್ದುಗಳನ್ನು ಹಾಕಿದವನಿಗೆ ಯಾವುದರಿಂದ ಏನಾಯಿತೆಂಬುದು ಎಂದಿಗೂ ತಿಳಿಯದು.

ಐದನೆಯ ದಿನ ಬೆಳಗ್ಗೆ ಮಿತ್ರರ ಮನೆಯಿಂದ ದೂರವಾಣಿ ಬಂದಿತು. ಮಾತಾಡಿದವಳು ಮೊಮ್ಮಗಳು. ಬೇಲಿಯ ಹೊರಗೆ ನಿಂತೇ ನೋಡಿದಳಂತೆ. ಆಳದ ಮೂಲೆಯಲ್ಲಿ ನಾಣ್ಯ ಕಾಣುತ್ತಿದೆಯಂತೆ. ನಾಣ್ಯದ ಯಾವ ಮುಖ ಮೇಲಿದೆಯೆಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ; ನೋಡಲು ಓಡಿರಬೇಕು. "ಸಿಂಹದ ಮುಖ" ಎಂದಳು. ಪಿ.ಎಚ್. ಮತ್ತು ಕ್ಲೋರಿನುಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಹಿರಿಯರೊಬ್ಬರನ್ನು ದಡದಲ್ಲಿ ಕೂರಿಸಿ, ಬೀಗ ತೆಗೆಯಬಹುದೆಂದು ಹೇಳಿದೆ.